ಗಿರ್ ಸಿಂಹದ ವಂಶಾವಳಿಯಲ್ಲಿ ಆಫ್ರಿಕಾದ ರಕ್ತ

ಏಷ್ಯಾದ ಸಿಂಹಕ್ಕೆ ಇಡೀ ಜಗತ್ತಿನಲ್ಲಿ ಉಳಿದಿರುವ ಸಹಜ ನೆಲೆ ಒಂದೇ: ಗುಜರಾತಿನ ಗಿರ್ ಕಾಡು ಮತ್ತು ಅದರ ಸುತ್ತಲಿನ ಸೌರಾಷ್ಟ್ರದ ಸೀಮೆ. ಬೇಟೆಗೆ ಸಿಕ್ಕಿ ಇಪ್ಪತ್ತನೇ ಶತಮಾನದ ಆರಂಭಕ್ಕೆ ಬೆರಳೆಣಿಕೆಗೆ ಇಳಿದಿದ್ದ ಈ ಸಿಂಹಗಳು 2025ರ ಗಣತಿಯಲ್ಲಿ 891 ಆಗಿವೆ. ಸಂತೋಷದ ಸುದ್ದಿಯೇ. ಆದರೆ ಒಂದೇ ಕಡೆ ಗುಂಪುಗೂಡಿ ಬದುಕುವ ಪ್ರಾಣಿಯನ್ನು ಅಳಿಸಲು ಒಂದು ಸಾಂಕ್ರಾಮಿಕ ಸಾಕು. 2018ರಲ್ಲಿ ಕ್ಯಾನೈನ್ ಡಿಸ್ಟೆಂಪರ್ ವೈರಸ್ ಕಾಣಿಸಿಕೊಂಡಾಗ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಅಂಥ ಆಪತ್ತಿಗೆಂದೇ ಮೃಗಾಲಯಗಳು ಒಂದು ಮೀಸಲು ಸಂತತಿಯನ್ನು ಸಾಕಿಕೊಳ್ಳುತ್ತವೆ. ಆ ಸಂತತಿಯೇ ಬೆರಕೆಯಾಗಿದ್ದರೆ ಏನು ಗತಿ?

ಹಾಗೆ ಒಮ್ಮೆ ಆಗಿಯೂ ಇದೆ. 1980ರ ದಶಕದಲ್ಲಿ ಅಮೆರಿಕದ ಮೃಗಾಲಯಗಳು ಒಟ್ಟುಗೂಡಿ ಏಷ್ಯಾದ ಸಿಂಹಗಳ ತಳಿ ಸಂವರ್ಧನೆ ನಡೆಸುತ್ತಿದ್ದವು. ಯಾವ ಮರಿಗೆ ಯಾರು ತಂದೆ, ಯಾರು ತಾಯಿ ಎಂಬುದಕ್ಕೆ ಸ್ಟಡ್‌ಬುಕ್ ಇತ್ತು. ಅದರ ಪ್ರಕಾರ ಎಲ್ಲ ಸಿಂಹಗಳ ಮೂಲ ಹೋಗಿ ಮುಟ್ಟುತ್ತಿದ್ದುದು ಐದು ಪ್ರಾಣಿಗಳನ್ನು. ತಳಿವಿಜ್ಞಾನಿ ಸ್ಟೀಫನ್ ಓಬ್ರಿಯನ್ ಮತ್ತು ಸಂಗಡಿಗರು ಈ ಸಿಂಹಗಳ ರಕ್ತವನ್ನು ಪರೀಕ್ಷೆಗೆ ತೆಗೆದುಕೊಂಡರು. ಹೋಲಿಸಿ ನೋಡಲು ಅವರ ಬಳಿ ಜುನಾಗಢದ ಸಕ್ಕರ್‌ಬಾಗ್ ಮೃಗಾಲಯದಲ್ಲಿದ್ದ ಗಿರ್ ಮೂಲದ ಸಿಂಹಗಳ ರಕ್ತವೂ ಇತ್ತು. ಗಿರ್ ಸಿಂಹಗಳ ರಕ್ತದ ಪ್ರೋಟೀನುಗಳು ಒಂದಕ್ಕೊಂದು ಅಚ್ಚೊತ್ತಿದಂತಿದ್ದವು. ಬಹುಕಾಲ ಸಣ್ಣ ಗುಂಪಿನೊಳಗೇ ಕೂಡಿಕೊಂಡು ಬಂದದ್ದರ ಫಲ ಅದು. ಅಮೆರಿಕದ ಸಿಂಹಗಳಲ್ಲಿ ಮಾತ್ರ ಗಿರ್‌ನಲ್ಲಿ ಎಲ್ಲೂ ಇಲ್ಲದ, ಆಫ್ರಿಕಾದ ಸಿಂಹಗಳಲ್ಲಿ ಇರುವ ಪ್ರೋಟೀನ್ ರೂಪಗಳು ಸಿಕ್ಕವು. ವಂಶಾವಳಿಯನ್ನು ಹಿಂದಕ್ಕೆ ಜಾಲಾಡಿದಾಗ ಐದು ಮೂಲ ಪ್ರಾಣಿಗಳಲ್ಲಿ ಎರಡು ಆಫ್ರಿಕಾ ಮೂಲದವು ಎಂಬುದು ಖಚಿತವಾಯಿತು. 1987ರಲ್ಲಿ ವರದಿ ಪ್ರಕಟವಾಯಿತು. ವರ್ಷಗಳ ಶ್ರಮದ ಕಾರ್ಯಕ್ರಮ ನಿಂತುಹೋಯಿತು. ಬಿತ್ತನೆ ಬೀಜದಲ್ಲೇ ಬೆರಕೆ ಇದ್ದಮೇಲೆ ಎಷ್ಟು ಕಳೆ ಕಿತ್ತರೇನು? ಮುಂದೆ ಯುರೋಪಿನ ಮೃಗಾಲಯಗಳು ಸಕ್ಕರ್‌ಬಾಗ್‌ನಿಂದಲೇ ಸಿಂಹಗಳನ್ನು ತರಿಸಿಕೊಂಡು ಹೊಸದಾಗಿ ಆರಂಭಿಸಿದವು.

ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಏಷ್ಯಾದ ಸಿಂಹಕ್ಕೆ ಹೊಟ್ಟೆಯಡಿ ಉದ್ದಕ್ಕೂ ಜೋತುಬಿದ್ದ ಚರ್ಮದ ಮಡಿಕೆ ಇರುತ್ತದೆ. ನೆತ್ತಿಯ ಮೇಲೆ ಜೂಲು ತೆಳುವಾಗಿರುವುದರಿಂದ ಗಂಡುಸಿಂಹದ ಕಿವಿ ಎದ್ದು ಕಾಣುತ್ತದೆ. ಆದರೆ ಹೊಟ್ಟೆಯ ಮಡಿಕೆ ಆಫ್ರಿಕಾದ ಕೆಲವು ಸಿಂಹಗಳಲ್ಲೂ ಉಂಟು. ಜೂಲಿನ ದಟ್ಟಣೆ ವಯಸ್ಸು, ಹವೆ, ಆಹಾರಗಳ ಮೇಲೂ ನಿಂತಿದೆ. ಏಷ್ಯಾದ ಸಿಂಹಗಳ ತಲೆಬುರುಡೆಯಲ್ಲಿ ಕಣ್ಣಿನ ಕೆಳಗೆ ನರ ಹಾದುಹೋಗುವ ರಂಧ್ರ ಹಲವು ಬಾರಿ ಎರಡಾಗಿ ಒಡೆದಿರುತ್ತದೆ. ಒಳ್ಳೆಯ ಗುರುತೇ, ಆದರೆ ಎಲ್ಲ ಸಿಂಹಗಳಲ್ಲೂ ಇರುವುದಿಲ್ಲ. ಸಾಲದ್ದಕ್ಕೆ ಮಿಶ್ರತಳಿಯ ಮರಿ ಅಪ್ಪನನ್ನೋ ಅಮ್ಮನನ್ನೋ ಪೂರಾ ಹೋತುಬಿಡಬಹುದು.

ತಲೆಮಾರು ಉರುಳಿದಂತೆ ಗುರುತು ಇನ್ನಷ್ಟು ಮಸುಕಾಗುತ್ತದೆ. ಆಫ್ರಿಕಾದ ಗಂಡು, ಗಿರ್‌ನ ಹೆಣ್ಣು ಕೂಡಿದರೆ ಮರಿಯಲ್ಲಿ ಎರಡೂ ಕಡೆಯ ಪಾಲು ಸಮ. ಆ ಮರಿ ಬೆಳೆದು ಮತ್ತೆ ಗಿರ್ ಸಿಂಹದೊಡನೆ ಕೂಡಿದರೆ ಹೊರಗಿನ ಪಾಲು ಸರಾಸರಿ ಶೇ. 25ಕ್ಕೆ ಇಳಿಯುತ್ತದೆ, ಆಮೇಲೆ 12.5, ಆಮೇಲೆ 6.25. ನಾಲ್ಕನೇ ತಲೆಮಾರಿನ ಮರಿಯನ್ನು ಎಷ್ಟು ನುರಿತ ಕಣ್ಣೂ ಹಿಡಿಯಲಾರದು.

ಇಲ್ಲಿ ನೆರವಿಗೆ ಬರುವುದು ಡಿಎನ್‌ಎ. ಅದರಲ್ಲೂ ಎಚ್ಚರ ಬೇಕು. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಡಿಎನ್‌ಎ ಸುಲಭವಾಗಿ ಸಿಗುತ್ತದೆ, ಕೂದಲು, ಹಿಕ್ಕೆಗಳಿಂದಲೂ ತೆಗೆಯಬಹುದು. ಆದರೆ ಅದು ಬರುವುದು ತಾಯಿಯಿಂದ ಮಾತ್ರ. ತಾಯಿ ಗಿರ್‌ನವಳಾಗಿ ತಂದೆ ಆಫ್ರಿಕಾದವನಾಗಿದ್ದರೆ ಈ ಪರೀಕ್ಷೆ ಮರಿಯನ್ನು ಅಪ್ಪಟ ಗಿರ್ ಸಿಂಹವೆಂದೇ ಸಾರಿಬಿಡುತ್ತದೆ. ಆದ್ದರಿಂದ ತಂದೆ ತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯನ್ನು ಒಂದೆರಡಲ್ಲ, ಹಲವಾರು ಕಡೆ ಓದಬೇಕು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯಲ್ಲಿ ವನ್ಯಪ್ರಾಣಿಗಳಿಗೆಂದೇ ಇಂಥ ಪ್ರಯೋಗಾಲಯವಿದೆ.

ಪರೀಕ್ಷೆಯಿಲ್ಲದೆ ಜೋಡಿ ಮಾಡಿದರೆ ಆಗುವ ಹಾನಿಯನ್ನು ನಮ್ಮ ದೇಶವೂ ಕಂಡಿದೆ. ಚಂಡೀಗಢದ ಬಳಿಯ ಛತ್‌ಬೀರ್ ಮೃಗಾಲಯದಲ್ಲಿ ಸರ್ಕಸ್‌ನಿಂದ ಬಂದ ಆಫ್ರಿಕಾ ಮೂಲದ ಸಿಂಹಗಳನ್ನು ಏಷ್ಯಾದ ಸಿಂಹಗಳೊಂದಿಗೆ ಕೂಡಿಸಿದರು. ಸಂತತಿ ಬೆಳೆದು 70 ದಾಟಿತು. ಆದರೆ ಕೆಲವೇ ಜೋಡಿಗಳ ಮಕ್ಕಳು ಮೊಮ್ಮಕ್ಕಳು ತಮ್ಮತಮ್ಮಲ್ಲೇ ಕೂಡುತ್ತ ಹೋದದ್ದರಿಂದ ಹಿಂಗಾಲು ಸೋತ, ಗಾಯವಾದರೆ ಮಾಯದ, ರೋಗನಿರೋಧಕ ಶಕ್ತಿ ಕುಂದಿದ ಸಿಂಹಗಳು ಹೆಚ್ಚಾದವು. ಕೊನೆಗೆ ಗಂಡುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ ಆ ವಂಶವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಆ ಕಾಯಿಲೆಗಳ ಹೊಣೆಯನ್ನೆಲ್ಲ ಬೆರಕೆಯ ಮೇಲೆ ಹೊರಿಸುವುದು ಸರಿಯಲ್ಲ. ಹತ್ತಿರದ ರಕ್ತಸಂಬಂಧದೊಳಗಿನ ಕೂಡಿಕೆಯೇ ಅಲ್ಲಿ ಹೆಚ್ಚು ಕೆಡುಕು ಮಾಡಿತು. ಬೆರಕೆಯಿಂದಾದ ನಷ್ಟ ಬೇರೆ: ಇಷ್ಟೊಂದು ಸಿಂಹಗಳಿದ್ದೂ ಗಿರ್‌ನ ಮೀಸಲು ಸಂತತಿಗೆ ಅವು ಒದಗಲಿಲ್ಲ.

ಬೆಂಗಳೂರಿನ ಬನ್ನೇರುಘಟ್ಟಕ್ಕೂ ಈ ಕಥೆಗೂ ನಂಟಿದೆ. ಸಿಂಹ, ಹುಲಿಗಳನ್ನು ಸರ್ಕಸ್‌ನಲ್ಲಿ ಆಡಿಸಬಾರದೆಂಬ ಆದೇಶ ಜಾರಿಗೆ ಬಂದಮೇಲೆ ಅಲ್ಲಿಂದ ಬಿಡಿಸಿ ತಂದ ಪ್ರಾಣಿಗಳಿಗೆ ಆಸರೆ ಕೊಟ್ಟ ಪುನರ್ವಸತಿ ಕೇಂದ್ರಗಳಲ್ಲಿ ಬನ್ನೇರುಘಟ್ಟವೂ ಒಂದು. ಸರ್ಕಸ್ ಸಿಂಹಗಳಲ್ಲಿ ಬಹುಪಾಲು ಮಿಶ್ರತಳಿಯವು. ಅವು ಮರಿ ಹಾಕದಂತೆ ನೋಡಿಕೊಂಡು, ಬದುಕಿರುವವರೆಗೆ ಹೊಟ್ಟೆ ತುಂಬ ಊಟ, ಔಷಧ, ಓಡಾಡಲು ಜಾಗ ಕೊಡುವುದು ಅಂಥ ಕೇಂದ್ರಗಳ ಕೆಲಸ. ಮನುಷ್ಯರು ಮಾಡಿದ ಬೆರಕೆಗೆ ಪ್ರಾಣಿಯನ್ನು ಶಿಕ್ಷಿಸುವುದು ಅನ್ಯಾಯ.

ಬೆರಕೆಯೆಂದರೆ ಎಲ್ಲ ಕಾಲಕ್ಕೂ ತಪ್ಪೇ? ಅದೂ ಅಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಪ್ಯೂಮಾಗಳು ಒಳಸಂಬಂಧದಿಂದ ಸೊರಗಿ ಅಳಿವಿನಂಚಿಗೆ ಬಂದಾಗ, 1995ರಲ್ಲಿ ಟೆಕ್ಸಾಸ್‌ನ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಹೊಸ ರಕ್ತ ಸೇರಿ ಸಂತತಿ ಚೇತರಿಸಿಕೊಂಡಿತು. ಅಲ್ಲಿ ಯಾವ ಪ್ರಾಣಿ ಎಲ್ಲಿಯದು, ಎಷ್ಟು ಬೆರೆಸಬೇಕು, ಯಾಕೆ ಎಂಬ ಲೆಕ್ಕವಿತ್ತು. ಕಾಂಬೋಡಿಯಾದಲ್ಲಿ ಸಯಾಮಿ ಮೊಸಳೆಗಳನ್ನು ಉಳಿಸಹೊರಟವರು ಮೊದಲು ಮಾಡಿದ್ದು ಡಿಎನ್‌ಎ ಪರೀಕ್ಷೆ. 2009ರಲ್ಲಿ ಫ್ನೋಮ್ ತಮಾವೊ ರಕ್ಷಣಾ ಕೇಂದ್ರದ 69 ಮೊಸಳೆಗಳಲ್ಲಿ 35 ಅಪ್ಪಟ ಸಯಾಮಿ ಎಂದು ಗೊತ್ತಾಯಿತು. ಸಂವರ್ಧನೆಗೆ ಅವುಗಳಲ್ಲೇ ಆರಿಸಿಕೊಳ್ಳಬಹುದಾಯಿತು.

ಮೃಗಾಲಯದಲ್ಲಿ ಮರಿ ಹುಟ್ಟಿತೆಂದರೆ ಪತ್ರಿಕೆಗಳು ಫೋಟೊ ಹಾಕುತ್ತವೆ, ಹೆಸರಿಡಲು ಸ್ಪರ್ಧೆ ನಡೆಯುತ್ತದೆ. ಅದರ ಜೊತೆಗೆ ನಾವು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದರ ತಂದೆ ತಾಯಿಯರ ಮೂಲ ಪರೀಕ್ಷೆಯಾಗಿದೆಯೇ? ಕೂಡಿಸುವ ಮೊದಲು ಮಾಡುವ ಒಂದು ರಕ್ತಪರೀಕ್ಷೆಗೆ ತಗಲುವ ಖರ್ಚು ಅಲ್ಪ. ಅದನ್ನು ಬಿಟ್ಟದ್ದಕ್ಕೆ ಅಮೆರಿಕ ಒಂದು ಇಡೀ ಕಾರ್ಯಕ್ರಮವನ್ನೇ ಕಳೆದುಕೊಂಡಿತು.