ಪೂಜೆಯ ಪತ್ರೆಗೆ ಎರಡು ಕುಂಡ

ಹಿತ್ತಿಲಿದ್ದ ಮನೆಗಳಲ್ಲಿ ಲಿಂಗಪೂಜೆಯ ಪತ್ರೆಗಾಗಿ ಪೇಟೆಗೆ ಹೋಗುವ ಪ್ರಮೇಯವಿರಲಿಲ್ಲ. ಮರುಗವೂ ದವನವೂ ಅಂಗಳದ ಮೂಲೆಯಲ್ಲೇ ದೊರೆಯುತ್ತಿದ್ದವು. ಇಂದು ನಗರವಾಸಿಗಳಾದ ನಮ್ಮಲ್ಲಿ ಅನೇಕರು ಬಾಡಿದ ಪತ್ರೆಯನ್ನೇ ಕೊಂಡು ತಂದು ಇಷ್ಟಲಿಂಗಕ್ಕೆ ಅರ್ಪಿಸುತ್ತೇವೆ, ಮನಸ್ಸು ಅಳುಕುತ್ತದೆ. 12ನೆಯ ಶತಮಾನದ ಶರಣ ಹೂಗಾರ ಮಾದಯ್ಯನವರು ಶರಣರ ಮನೆಗಳಿಗೆ ಪತ್ರೆ ಪುಷ್ಪಗಳನ್ನು ಮುಟ್ಟಿಸುವುದನ್ನೇ ಕಾಯಕವಾಗಿಸಿಕೊಂಡಿದ್ದರು. ಆ ಕಾಯಕದ ಒಂದಂಶವನ್ನಾದರೂ ಮಾಳಿಗೆಯ ಮೇಲಿನ ಎರಡು ಕುಂಡಗಳಲ್ಲಿ ನಾವು ನಡೆಸಬಹುದು.

ಮೊದಲ ಸಲ ಮರುಗ ನೆಟ್ಟಾಗ ನಾವು ಭಕ್ತಿಯಿಂದ ಎರಡು ಹೊತ್ತೂ ನೀರೆರೆದೆವು. ಎಲೆ ಹಳದಿಯಾಯಿತು, ಬಾಯಾರಿಕೆಯಿರಬೇಕೆಂದು ಇನ್ನಷ್ಟು ಎರೆದೆವು. ಗಿಡ ಸತ್ತಿತು. ಕಿತ್ತು ನೋಡಿದರೆ ಬೇರು ಕೊಳೆತು ಕಪ್ಪಾಗಿತ್ತು. ಸದಾ ನೆನೆದ ಮಣ್ಣಿನಲ್ಲಿ ಬೇರಿಗೆ ಗಾಳಿ ದೊರೆಯದು. ಅತಿಯಾದ ಅಕ್ಕರೆಯೂ ಗಿಡಕ್ಕೆ ಮುಳುವೆಂಬುದನ್ನು ಅಂದು ಕಲಿತೆವು.

ಆದ್ದರಿಂದ ತಳದಲ್ಲಿ ರಂಧ್ರವಿರುವ ಮಣ್ಣಿನ ಕುಂಡವನ್ನೇ ಆರಿಸಬೇಕು. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಬೇಕು. ಮರುಗದ 3-4 ಅಂಗುಲದ ಕುಡಿಯನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು ನೆಟ್ಟು, ಎರಡು ಮೂರು ವಾರ ನೆರಳಿನಲ್ಲಿಟ್ಟರೆ ಬೇರು ಬಿಡುತ್ತದೆ. ಅನಂತರ ಬೆಳಗಿನ ಬಿಸಿಲು ಅವಶ್ಯ. ಬೆರಳಿನಿಂದ ಮುಟ್ಟಿ, ಮೇಲ್ಮಣ್ಣು ಒಂದು ಅಂಗುಲ ಒಣಗಿದ್ದರೆ ಮಾತ್ರ ನೀರು. ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗುತ್ತದೆ, ಪರಿಮಳ ಕುಂದುತ್ತದೆ.

ದವನದ ರೀತಿಯೇ ಬೇರೆ. ಅದು ನಾಲ್ಕು ತಿಂಗಳ ಅತಿಥಿ. ಹಿಂಗಾರಿನ ಮಳೆ ನಿಂತ ಮೇಲೆ, ನವೆಂಬರಿನ ಸುಮಾರಿಗೆ ಬಿತ್ತಬೇಕು. ಅತಿ ಸಣ್ಣ ಬೀಜವಾದ್ದರಿಂದ ಮರಳಿನೊಡನೆ ಬೆರೆಸಿ ಮೇಲೆಯೇ ಉದುರಿಸಿ, ತೆಳುವಾಗಿ ನೀರು ಚಿಮುಕಿಸಬೇಕು. ಹಳೆಯ ಬೀಜ ಮೊಳೆಯುವುದು ಕಷ್ಟ; ಪ್ರತಿವರ್ಷ ಒಂದೆರಡು ಗಿಡಗಳನ್ನು ಬೀಜಕ್ಕೆಂದೇ ಬಿಡುವುದು ಜಾಣತನ.

ಪತ್ರೆಯನ್ನು ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ಕುಡಿಯಿಂದ ಚಿವುಟಬೇಕು. ಚಿವುಟಿದಷ್ಟೂ ಮರುಗ ಕವಲೊಡೆದು ಪೊದೆಯಾಗುತ್ತದೆ. ಆದರೆ ಒಮ್ಮೆಗೆ ಗಿಡದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಲಾಗದು. ಪೂಜೆಯ ಎಲೆಗೆ ವಿಷದ ಔಷಧ ಸಿಂಪಡಿಸದಿರೋಣ. ಹೇನು ಕಂಡರೆ ನೀರಿನಿಂದ ತೊಳೆದರೆ ಸಾಕು.

ನೀರೆರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿರಿ. ಆದರೆ ಮೊದಲು ಮಣ್ಣನ್ನು ಮುಟ್ಟಿ ನೋಡಲು ಕಲಿಸಿರಿ. ತಾನೇ ಬೆಳೆಸಿದ ಎಲೆಯನ್ನು ಕರಸ್ಥಲದ ಲಿಂಗಕ್ಕೆ ಅರ್ಪಿಸುವ ಮಗುವಿಗೆ ಪೂಜೆಯ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಗಿಡ ಪೊದೆಯಾದಾಗ ನಾಲ್ಕು ಕುಡಿಗಳನ್ನು ನೆರೆಮನೆಗೂ ಕೊಡಿರಿ. ಅದೂ ದಾಸೋಹವೇ.