ಬಾಣಂತಿಯ ಊಟ, ಮಗುವಿನ ಹಾಲು

ಮಾರತ್ತಹಳ್ಳಿಯಲ್ಲಿ ಸೊಪ್ಪು ಮಾರುವ ಹೆಂಗಸಿನ ಬಳಿ ಸಬ್ಬಸಿಗೆ ಸೊಪ್ಪನ್ನು ಎರಡು ಕಟ್ಟಿಗಿಂತ ಹೆಚ್ಚು ಕೇಳಿದರೆ ಆಕೆ ತಲೆಯೆತ್ತಿ ನೋಡುತ್ತಾಳೆ. “ಏನ್ ಮೇಷ್ಟ್ರೇ, ಮನೇಲಿ ಬಾಣಂತಿ ಅವ್ರಾ?” ಎಂದು ವಿಚಾರಿಸುತ್ತಾಳೆ. ಇಲ್ಲವೆಂದರೆ ಕೈಗೆ ಸಿಕ್ಕಿದ ಕಟ್ಟು. ಹೌದೆಂದರೆ ಎಳೆಯ ಸೊಪ್ಪನ್ನು ಆರಿಸಿ ತೆಗೆದು, “ಬೆಳ್ಳುಳ್ಳಿ ಜಾಸ್ತಿ ಹಾಕ್ಸಿ, ಚೆನ್ನಾಗಿ ಹಾಲಾಗ್ಲಿ” ಎಂದು ಹರಸಿಯೇ ಕೊಡುತ್ತಾಳೆ. ಒಂದು ಕಾಲಕ್ಕೆ ರಾಗಿಯ ಹೊಲಗಳ ನಡುವೆ ಇದ್ದ ಈ ಹಳ್ಳಿಯನ್ನು ಹೊರವರ್ತುಲ ರಸ್ತೆಯೂ ಗಾಜಿನ ಕಟ್ಟಡಗಳೂ ಆವರಿಸಿಕೊಂಡು ವರ್ಷಗಳು ಕಳೆದಿವೆ. ಸೊಪ್ಪಿನವಳ ಪ್ರಶ್ನೆ ಮಾತ್ರ ಬದಲಾಗಿಲ್ಲ.

ಕನ್ನಡ ಪಂಡಿತನಿಗೆ ಬಾಣಂತಿಯ ಕೋಣೆಯಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಶಬ್ದವೇ. ಬಾಣಂತಿಗೆ ತೆಲುಗಿನವರು ಬಾಲಿಂತ ಎನ್ನುತ್ತಾರೆ, ಮರಾಠಿಯವರು ಬಾಳಂತೀಣ ಎನ್ನುತ್ತಾರೆ. ಈ ಒಂದು ಶಬ್ದದ ಸುತ್ತ ನಮ್ಮಲ್ಲಿ ಬಾಣಂತನ, ಬಾಣಂತಿ ಖಾರ, ಬಾಣಂತಿ ಲೇಹ್ಯ, ಬಾಣಂತಿ ಪಥ್ಯ ಎಂದು ಒಂದು ಸಂಸಾರವೇ ಬೆಳೆದಿದೆ. ಅದರಲ್ಲಿ ಬಹುಪಾಲು ಅಡುಗೆಮನೆಗೆ ಸೇರಿದ್ದು.

ನಮ್ಮ ಕಡೆ ಮೊದಲನೆಯ ಸ್ಥಾನ ಸಬ್ಬಸಿಗೆಯದು. ತುಪ್ಪದಲ್ಲಿ ಬೆಳ್ಳುಳ್ಳಿ ಹುರಿದು ಮಾಡಿದ ಸಬ್ಬಸಿಗೆ ಪಲ್ಯ, ಮೆಣಸು ಜೀರಿಗೆಯ ಸಾರು, ಮೆಂತ್ಯದ ಗಂಜಿ, ನುಗ್ಗೆಸೊಪ್ಪು ಇವು ಬಾಣಂತಿಯ ಎಲೆಗೆ ಬರುತ್ತವೆ. ಉತ್ತರ ಕರ್ನಾಟಕಕ್ಕೆ ಹೋದರೆ ಅಂಟು, ಒಣಕೊಬ್ಬರಿ, ಉತ್ತುತ್ತಿ, ಬೆಲ್ಲ ಕೂಡಿಸಿ ಕಟ್ಟಿದ ಅಂಟಿನುಂಡೆಯೂ, ಆಳ್ವಿ ಬೀಜವನ್ನು ನೆನೆಸಿ ಮಾಡಿದ ಪಾಯಸವೂ ಪ್ರಧಾನ. ಹಲಸೂರಿನ ತಮಿಳು ಮನೆಗಳಲ್ಲಿ ಬೆಳ್ಳುಳ್ಳಿಯನ್ನು ಹಾಲಿನಲ್ಲಿ ಬೇಯಿಸಿ ಕೊಡುತ್ತಾರೆ. ಮಾಂಸಾಹಾರಿಗಳಾದರೆ ‘ಪಾಲ್ ಸುರಾ’ ಎಂಬ ಚಿಕ್ಕ ಸೊರ ಮೀನನ್ನು ಪುಟ್ಟು ಮಾಡಿ ಬಡಿಸುತ್ತಾರೆ. ಶಿವಾಜಿನಗರದ ಮುಸಲ್ಮಾನರ ಮನೆಗಳಲ್ಲಿ ಬಾದಾಮಿ, ತುಪ್ಪ ಹಾಕಿದ ಹರೀರಾ ಉಂಟು. ಈಚೆಗೆ ನಮ್ಮ ಮಾರತ್ತಹಳ್ಳಿಯ ವಸತಿ ಸಮುಚ್ಚಯಗಳಿಗೆ ಪಂಜಾಬಿನ ಅಜ್ಜಿಯರು ಪಂಜೀರಿಯ ಡಬ್ಬ ಹೊತ್ತು ಬರುತ್ತಾರೆ. ಹೆಸರುಗಳು ಬೇರೆ ಬೇರೆ. ಮೂಸಿ ನೋಡಿದರೆ ತುಪ್ಪ, ಬೆಲ್ಲ, ಬೀಜ ಮತ್ತು ಘಾಟು ಪದಾರ್ಥಗಳು ಎಲ್ಲ ಕಡೆಯೂ ಒಂದೇ.

ಇದೆಲ್ಲ ಅಜ್ಜಿಯರ ಕಲ್ಪನೆಯೆ? ಹಾಗೆ ತಳ್ಳಿಹಾಕುವಂತಿಲ್ಲ. ಚರಕಸಂಹಿತೆಯಲ್ಲಿ ‘ಸ್ತನ್ಯಜನನ’ವೆಂಬ ಹತ್ತು ಮೂಲಿಕೆಗಳ ಒಂದು ವರ್ಗವೇ ಇದೆ. ಲಾಮಂಚ, ಶಾಲಿ ಮತ್ತು ಷಷ್ಟಿಕವೆಂಬ ಬತ್ತಗಳು, ದರ್ಭೆ, ಕುಶ, ಕಾಶ ಮೊದಲಾದ ಇವು ಬಹುಮಟ್ಟಿಗೆ ಹುಲ್ಲಿನ ಜಾತಿಯವು. ಹುಲ್ಲು ಮೇಯುವ ಹಸು ಹಾಲು ಕರೆಯುವುದನ್ನು ಕಂಡು ಹೀಗೆ ಎಣಿಸಿದರೋ ಏನೋ. ಇದು ನನ್ನ ಊಹೆ, ಶಾಸ್ತ್ರವಲ್ಲ. ಸುಶ್ರುತನ ಪಟ್ಟಿ ಇನ್ನೂ ಅಡುಗೆಮನೆಗೆ ಹತ್ತಿರ: ಗೋಧಿ, ಅಕ್ಕಿ, ಮಾಂಸರಸ, ಬೆಳ್ಳುಳ್ಳಿ, ಮೀನು, ಶತಾವರಿ. ಕಾಶ್ಯಪಸಂಹಿತೆಯಂತೂ ತಾಯಿಮಕ್ಕಳ ವೈದ್ಯಕ್ಕೇ ಮೀಸಲಾದ ಗ್ರಂಥ. ಅದರಲ್ಲಿ ಬೆಳ್ಳುಳ್ಳಿಗೆ ಒಂದು ಅಧ್ಯಾಯ, ಶತಪುಷ್ಪ ಮತ್ತು ಶತಾವರಿಗಳಿಗೆ ಸೇರಿ ಒಂದು ಅಧ್ಯಾಯ. ಈ ಶತಪುಷ್ಪವೆಂದರೆ ನಮ್ಮ ಸೊಪ್ಪಿನವಳ ಬುಟ್ಟಿಯಲ್ಲಿರುವ ಸಬ್ಬಸಿಗೆಯೇ. ಶತಾವರಿಗೆ ಹಳ್ಳಿಗರು ಇಟ್ಟಿರುವ ಹೆಸರು ‘ಹಲವು ಮಕ್ಕಳ ತಾಯಿ ಬೇರು’. ಗಿಡವನ್ನು ಅಗೆದವರಿಗೆ ಈ ಹೆಸರಿನ ಔಚಿತ್ಯ ತಿಳಿಯುತ್ತದೆ: ಒಂದು ಬುಡಕ್ಕೆ ಹತ್ತಾರು ಗೆಡ್ಡೆಗಳು ಮಕ್ಕಳಂತೆ ಜೋತುಬಿದ್ದಿರುತ್ತವೆ.

ಆದರೆ ಸುಶ್ರುತನು ಆಹಾರದ ಪಟ್ಟಿಗಿಂತ ಮುಖ್ಯವಾದ ಎರಡು ಮಾತು ಹೇಳಿದ್ದಾನೆ. ಕೋಪ, ಶೋಕ, ವಾತ್ಸಲ್ಯದ ಅಭಾವ ಇವುಗಳಿಂದ ಹಾಲು ನಶಿಸುತ್ತದೆ ಎಂಬುದು ಒಂದು. ಮಗುವಿನ ಸ್ಪರ್ಶದಿಂದ, ದರ್ಶನದಿಂದ, ಬರಿಯ ನೆನಪಿನಿಂದಲೂ ಹಾಲು ಜಿನುಗುತ್ತದೆ ಎಂಬುದು ಇನ್ನೊಂದು. ಈಗಿನ ಶರೀರಶಾಸ್ತ್ರಜ್ಞರು ಹೇಳುವುದೂ ಇದಕ್ಕೆ ಸಮೀಪವೇ. ಮಗು ಮೊಲೆ ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ರಸಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪತ್ತಿ ಮಾಡಿಸುತ್ತದೆ. ಆಕ್ಸಿಟೋಸಿನ್ ಹಾಲನ್ನು ಹೊರದೂಡುತ್ತದೆ. ತಾಯಿ ನೋವಿನಲ್ಲೋ ಆತಂಕದಲ್ಲೋ ಇದ್ದರೆ ಎರಡನೆಯದು ಹಿಂಜರಿಯುತ್ತದೆ. ಹಾಲು ಖಾಲಿಯಾದಷ್ಟೂ ಹೊಸದಾಗಿ ಊರುತ್ತದೆ. ಖಾಲಿಯಾಗದಿದ್ದರೆ ಉತ್ಪತ್ತಿ ಇಳಿಯುತ್ತದೆ. ಬಾವಿಯ ನೀರನ್ನು ಸೇದಿದಷ್ಟೂ ಊಟೆ ಬರುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದಂತೆ. ಆದ್ದರಿಂದ ಹಾಲು ಹೆಚ್ಚಿಸುವ ಮೊದಲ ಔಷಧಿ ಮಗುವಿನ ಬಾಯಿ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಿಡಿಯಬೇಕು, ಹಗಲೂ ರಾತ್ರಿ ಕೇಳಿದಾಗಲೆಲ್ಲ ಕುಡಿಸಬೇಕು.

ಹಾಗಾದರೆ ಬೆಳ್ಳುಳ್ಳಿ? ಇದರ ಬಗೆಗೆ ಒಂದು ಸ್ವಾರಸ್ಯವಾದ ಪ್ರಯೋಗವಿದೆ. 1991ರಲ್ಲಿ ಅಮೆರಿಕದ ಮೆನೆಲ್ಲಾ ಮತ್ತು ಬೋಶಾಂ ಎಂಬ ವಿಜ್ಞಾನಿಗಳು ಹಾಲೂಡುವ ತಾಯಂದಿರಿಗೆ ಬೆಳ್ಳುಳ್ಳಿಯ ಗುಳಿಗೆ ನುಂಗಿಸಿ ನೋಡಿದರು. ಸುಮಾರು ಎರಡು ಗಂಟೆಯ ಹೊತ್ತಿಗೆ ಹಾಲಿಗೆ ಬೆಳ್ಳುಳ್ಳಿಯ ವಾಸನೆ ಏರಿತು. ಮಕ್ಕಳು ಮುಖ ಸಿಂಡರಿಸಲಿಲ್ಲ. ಹೆಚ್ಚು ಹೊತ್ತು ಮೊಲೆ ಹಿಡಿದವು, ಹೆಚ್ಚು ಚೀಪಿದವು. ಹಾಲು ಕುಡಿಯುವ ಕೂಸಿಗೂ ಒಗ್ಗರಣೆಯ ರುಚಿ ಹಿಡಿಯುತ್ತದೆ ಎಂದಾಯಿತು! ಆದರೆ ಆ ವಾಸನೆ ಹಳತಾದ ಮೇಲೆ ಮಕ್ಕಳ ಈ ಉತ್ಸಾಹ ಉಳಿಯುವುದಿಲ್ಲವೆಂದು ಮುಂದಿನ ಪ್ರಯೋಗದಲ್ಲಿ ಕಂಡಿತು.

ಮೆಂತ್ಯ, ಸಬ್ಬಸಿಗೆ ಮುಂತಾದವುಗಳ ವಿಷಯದಲ್ಲಿ ಇಷ್ಟು ನಿಖರವಾಗಿ ಹೇಳುವಂತಿಲ್ಲ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಹಾಲು ಹೆಚ್ಚಿಸುವ ಔಷಧಿಗಳ ಮತ್ತು ಆಹಾರಗಳ ಬಗೆಗೆ ನಡೆದ 41 ಪರೀಕ್ಷೆಗಳನ್ನು, ಒಟ್ಟು ಸುಮಾರು 3000 ತಾಯಂದಿರ ವಿವರಗಳನ್ನು ತೂಗಿ ನೋಡಿತು. ಮನೆಮದ್ದುಗಳಿಂದ ಸ್ವಲ್ಪ ಪ್ರಯೋಜನವಿರಬಹುದು, ಆದರೆ ಆಧಾರ ದುರ್ಬಲ ಎಂಬುದು ಅದರ ತೀರ್ಮಾನ. ಅಡುಗೆಗೆ ಹಾಕುವಷ್ಟು ಮೆಂತ್ಯದಿಂದ ತೊಂದರೆಯಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ತಾಯಿ ಮಾತ್ರ ಮೆಂತ್ಯದ ಪುಡಿಯನ್ನು ಮುಷ್ಟಿ ಮುಷ್ಟಿಯಾಗಿ ನುಂಗಬಾರದು. ರಕ್ತದ ಸಕ್ಕರೆ ಅತಿಯಾಗಿ ಇಳಿದೀತು.

ಈ ತಿನಿಸುಗಳ ನಿಜವಾದ ಉಪಕಾರ ಬೇರೆ ಕಡೆ ಇದೆಯೆಂದು ನನಗೆ ತೋರುತ್ತದೆ. ತಾಯಿ ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಹಾಲು ಕೊಡುತ್ತಾಳೆ. ಅದಕ್ಕಾಗಿ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ. ಅಂಟಿನುಂಡೆ ಎರಡು ತಿಂದವಳಿಗೆ ಇದರ ದೊಡ್ಡ ಪಾಲು ದೊರೆತಂತೆಯೇ. ನಮ್ಮ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ವವಿದೆ; ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆಳ್ವಿಯಲ್ಲಿ ಕಬ್ಬಿಣದ ಅಂಶ ಹೇರಳ.

ಇನ್ನು ಪಥ್ಯದ ಮಾತು. ಹಾಲೂಡುವವಳಿಗೆ ಇದು ಕೊಡಿ ಎಂದ ಅಜ್ಜಿಯೇ, ಅದು ಕೊಡಬೇಡಿ ಎಂದೂ ಹೇಳಿದ್ದಾಳೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಬೇಳೆ ತಿಂದರೆ ಮಗುವಿಗೆ ವಾಯು, ಹಣ್ಣು ತಿಂದರೆ ಶೀತ. ಹೀಗೆ ಒಂದೊಂದನ್ನೇ ಕಳೆದು ಕೊನೆಗೆ ಪಾಲಿಶ್ ಅಕ್ಕಿಯ ಅನ್ನ, ತಿಳಿಸಾರು, ಒಂದು ಚಮಚ ತುಪ್ಪ ಉಳಿಯುತ್ತದೆ. ಇದು ಸಣ್ಣ ಸಂಗತಿಯಲ್ಲ. ಬರಿಯ ತಾಯಿಹಾಲು ಕುಡಿಯುತ್ತಿದ್ದ ಎರಡು ಮೂರು ತಿಂಗಳ ಕೂಸುಗಳು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತ, ಹೃದಯ ಸೋತು ಆಸ್ಪತ್ರೆಗೆ ಬರುವುದನ್ನು ಕರ್ನಾಟಕದ ವೈದ್ಯರು ಈಚಿನ ವರ್ಷಗಳಲ್ಲಿ ವರದಿ ಮಾಡಿದ್ದಾರೆ. ತಾಯಂದಿರನ್ನು ವಿಚಾರಿಸಿದರೆ ಬಹುತೇಕ ಇದೇ ಪಥ್ಯ. ಅಕ್ಕಿಯ ತೌಡಿನೊಡನೆ ಥಯಾಮಿನ್ ಎಂಬ ಜೀವಸತ್ವ ಹೋಗಿಬಿಟ್ಟಿತ್ತು. ತಾಯಿಯಲ್ಲಿ ಇಲ್ಲದ್ದು ಹಾಲಿನಲ್ಲಿ ಎಲ್ಲಿಂದ ಬರಬೇಕು? ಥಯಾಮಿನ್ ಚುಚ್ಚಿದಾಗ ಬಹಳಷ್ಟು ಕೂಸುಗಳು ಗಂಟೆಗಳಲ್ಲಿ, ದಿನಗಳಲ್ಲಿ ಚೇತರಿಸಿಕೊಂಡವು. ತಡವಾಗಿ ಬಂದವುಗಳಿಗೆ ಆ ಭಾಗ್ಯವಿರಲಿಲ್ಲ. ಬೇಳೆ, ಕಾಳು, ರಾಗಿ, ಸೊಪ್ಪು ಎಲೆಯ ಮೇಲಿದ್ದರೆ ಈ ವ್ಯಾಧಿಗೆ ಎಡೆಯೇ ಇಲ್ಲ. ನೀರು ಬಾಯಾರಿಕೆ ತೀರುವಷ್ಟು ಬೇಕೇ ಬೇಕು.

ಗಿಣ್ಣಿನ ವಿಷಯವನ್ನು ಹೇಳದೆ ಬಿಡಲಾರೆ. ಹಸು ಕರು ಹಾಕಿದರೆ ಗಿಣ್ಣುಹಾಲಿಗೆ ನೆರೆಹೊರೆಯವರೆಲ್ಲ ಪಾತ್ರೆ ಹಿಡಿದು ಬರುತ್ತಾರೆ. ಅದೇ ತಾಯಿಯ ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ನಾಲಗೆಗೆ ಜೇನು ಸವರುವ ಮನೆಗಳು ಉಂಟು. ರೋಗವನ್ನು ತಡೆಯುವ ಸತ್ವ ತುಂಬಿರುವುದು ಆ ಹಳದಿ ಹಾಲಿನಲ್ಲಿ; ಜೇನು ಒಂದು ವರ್ಷದೊಳಗಿನ ಮಗುವಿಗೆ ಅಪಾಯಕರ.

ಬಡವರ ಮನೆಯ ಬಾಣಂತಿಗೆ ಅಂಟಿನುಂಡೆ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯದಾದ್ಯಂತ ಆರಂಭವಾದದ್ದು 2017ರ ಅಕ್ಟೋಬರ್ 2ರಂದು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ ಎಲ್ಲವೂ ಅದರಲ್ಲಿದ್ದವು. ಆದರೆ ಬಾಣಂತಿ ಹೊಸಲು ದಾಟಬಾರದೆಂಬ ಕಟ್ಟಳೆಯ ಮನೆಯಿಂದ ಆಕೆ ಅಂಗನವಾಡಿಯವರೆಗೆ ಹೋಗಿ ಉಣ್ಣುವುದು ಹೇಗೆ? ಅಂಥ ಕಡೆ ಬುತ್ತಿಯೇ ಆಕೆಯ ಬಳಿಗೆ ಹೋಗಬೇಕಾಗುತ್ತದೆ.

ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮೊಲೆಯನ್ನು ನೋಡಬೇಕಾಗಿಲ್ಲ, ಅಳುವನ್ನು ಎಣಿಸಬೇಕಾಗಿಲ್ಲ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಬಟ್ಟೆ ಒದ್ದೆಯಾಗಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿ ಬಂದಿರಬೇಕು. ಬಾರದಿದ್ದರೆ ಸಬ್ಬಸಿಗೆಯ ಕಟ್ಟನ್ನು ಹೆಚ್ಚಿಸುತ್ತ ಕಾಯದೆ ಮಗುವನ್ನು ಎತ್ತಿಕೊಂಡು ವೈದ್ಯರಲ್ಲಿಗೆ ಅಂದೇ ಹೋಗತಕ್ಕದ್ದು.