ದೂರದ ಬಾಗಿಲಿನ ಕಾವಲು

ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ರೈಲಿನ ಟಿಕೆಟ್ಟು—ಇವೆಲ್ಲವನ್ನೂ ಹೊತ್ತು ಹಗಲಿರುಳೂ ದುಡಿಯುವ ಸರ್ವರ್ ಯಂತ್ರಗಳನ್ನು ಅವುಗಳ ಒಡೆಯರು ಕಣ್ಣಾರೆ ಕಾಣುವುದು ಅಪರೂಪ. ನೋಡಿಕೊಳ್ಳುವ ತರುಣನು ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಕುಳಿತಿದ್ದರೆ, ಯಂತ್ರವು ಸಮುದ್ರದಾಚೆಯ ಕಟ್ಟಡವೊಂದರಲ್ಲಿ ಇದ್ದೀತು. ಇಬ್ಬರ ನಡುವೆ ಇರುವುದು ಒಂದೇ ಬಾಗಿಲು. ಅದರ ಹೆಸರು ‘ಎಸ್‌ಎಸ್‌ಎಚ್’. ಯುನಿಕ್ಸ್ ವಂಶದ ಯಂತ್ರಗಳಿಗೆ ದೂರದಿಂದಲೇ ಸುರಕ್ಷಿತವಾಗಿ ಪ್ರವೇಶಿಸುವ ವ್ಯವಸ್ಥೆ ಇದು.

ಹಿಂದೆ ಈ ಕೆಲಸಕ್ಕೆ ‘ಟೆಲ್ನೆಟ್’ ಬಳಕೆಯಲ್ಲಿತ್ತು. ಅದರಲ್ಲಿ ಕಳಿಸಿದ ಪಾಸ್‌ವರ್ಡು ಅಂಚೆ ಕಾರ್ಡಿನ ಮೇಲೆ ಬರೆದ ಗುಟ್ಟಿನಂತೆ. ದಾರಿಯಲ್ಲಿದ್ದವರು ಯಾರು ಬೇಕಾದರೂ ಓದಿಕೊಳ್ಳಬಹುದಾಗಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಪಾಸ್‌ವರ್ಡುಗಳ ಕಳವಾಯಿತು. ಅಲ್ಲಿ ಸಂಶೋಧಕರಾಗಿದ್ದ ಟಾಟು ಯುಲೋನೆನ್ ಕೈಕಟ್ಟಿ ಕೂರದೆ, ಸಂಭಾಷಣೆಯನ್ನೆಲ್ಲ ಗೂಢಲಿಪಿಯಲ್ಲಿ ಸಾಗಿಸುವ ಹೊಸ ವಿಧಾನವನ್ನು ಅದೇ ವರ್ಷ ರಚಿಸಿ ಲೋಕಕ್ಕೆ ಕೊಟ್ಟರು. ಕಡತ ಸಾಗಣೆಯ 21ನೆಯ ದ್ವಾರಕ್ಕೂ ಟೆಲ್ನೆಟ್ಟಿನ 23ನೆಯ ದ್ವಾರಕ್ಕೂ ನಡುವೆ ತೆರವಾಗಿದ್ದ 22ನೆಯ ಸಂಖ್ಯೆಯನ್ನು ಕೇಳಿ ಪಡೆದರು. 1999ರಲ್ಲಿ ಓಪನ್ ಬಿಎಸ್‌ಡಿ ಬಳಗದವರು ‘ಓಪನ್ ಎಸ್‌ಎಸ್‌ಎಚ್’ ಎಂಬ ಮುಕ್ತ ಆವೃತ್ತಿಯನ್ನು ಹೊರತಂದರು. ಲಿನಕ್ಸ್ ಮೊದಲಾದ ಯಂತ್ರಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಇದೇ.

ಸರ್ವರಿನಲ್ಲಿ ಈ ಬಾಗಿಲನ್ನು ಕಾಯುವ ಕಾರ್ಯಕ್ರಮಕ್ಕೆ ‘ಎಸ್‌ಎಸ್‌ಎಚ್‌ಡಿ’ ಎಂದು ಹೆಸರು. ಕೊನೆಯ ‘ಡಿ’ ಎಂದರೆ ಡೀಮನ್. ಕಣ್ಣಿಗೆ ಬೀಳದೆ ಸೇವೆ ಮಾಡುವ ಪರಿಚಾರಕ. ಆದರೆ ಕಾವಲುಗಾರನಿದ್ದ ಮಾತ್ರಕ್ಕೆ ಕೋಟೆ ಭದ್ರವಾಗದು. ಅಂತರ್ಜಾಲಕ್ಕೆ ತೆರೆದ ಸರ್ವರನ್ನು ಹುಡುಕಿ ಬರುವ ಸ್ವಯಂಚಾಲಿತ ಕಳ್ಳತಂತ್ರಗಳು ಊಹೆಯ ಪಾಸ್‌ವರ್ಡುಗಳನ್ನು ಒಂದರ ಮೇಲೊಂದರಂತೆ ಪ್ರಯೋಗಿಸುತ್ತಲೇ ಇರುತ್ತವೆ. ದ್ವಾರದ ಸಂಖ್ಯೆಯನ್ನು ಬದಲಿಸಿದರೆ ಗದ್ದಲ ತಗ್ಗೀತೇ ಹೊರತು ಅಪಾಯ ತೀರದು.

ಆದುದರಿಂದಲೇ ಬಲ್ಲವರು ಪಾಸ್‌ವರ್ಡಿಗಿಂತ ಜೋಡಿ ಕೀಲಿಗಳನ್ನು ನೆಚ್ಚುತ್ತಾರೆ. ಸಾರ್ವಜನಿಕ ಕೀಲಿಯನ್ನು ಸರ್ವರಿನ ಕಡತದಲ್ಲಿ ಬರೆದಿಡಲಾಗುತ್ತದೆ. ಖಾಸಗಿ ಕೀಲಿಯು ಒಡೆಯನ ಯಂತ್ರವನ್ನು ಬಿಟ್ಟು ಕದಲುವುದಿಲ್ಲ. ಪ್ರವೇಶದ ವೇಳೆ ಖಾಸಗಿ ಕೀಲಿಯಿಂದ ಹಾಕಿದ ಸಹಿಯನ್ನು ಸರ್ವರು ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸುತ್ತದೆ. ಗುಟ್ಟು ದಾರಿಗೇ ಇಳಿಯದಿದ್ದ ಮೇಲೆ ದಾರಿಗಳ್ಳನಿಗೆ ದಕ್ಕುವುದೇನು? ಖಾಸಗಿ ಕೀಲಿಗೆ ಗುಪ್ತವಾಕ್ಯದ ರಕ್ಷೆಯನ್ನೂ ಕೊಟ್ಟಿದ್ದರೆ, ಯಂತ್ರವೇ ಕಳವಾದರೂ ಕೀಲಿಯನ್ನು ಕೂಡಲೇ ಬಳಸಲಾಗದು.

ಸರ್ವಾಧಿಕಾರಿಯಾದ ‘ರೂಟ್’ ಬಳಕೆದಾರನಿಗೆ ನೇರ ಪ್ರವೇಶವನ್ನು ನಿಷೇಧಿಸುವುದು, ಕೀಲಿ ಸರಿಯಾಗಿ ಕೆಲಸ ಮಾಡುವುದನ್ನು ಕಂಡ ಮೇಲೆ ಪಾಸ್‌ವರ್ಡಿನ ಮಾರ್ಗವನ್ನು ಮುಚ್ಚುವುದು, ಕೆಲಸ ಬಿಟ್ಟುಹೋದವರ ಕೀಲಿಗಳನ್ನು ಅಂದೇ ಅಳಿಸುವುದು—ಇವು ಮುಖ್ಯ ನಿಯಮಗಳು. ಆದರೆ ಅವಸರದಲ್ಲಿ ಒಂದು ಸಾಲು ತಪ್ಪಿದರೂ ಸೇವೆ ಮರಳಿ ಏಳದೆ, ಒಡೆಯನೇ ಹೊರಗುಳಿಯುವ ಪ್ರಸಂಗ ಬಂದೀತು. ಹೀಗಾಗಿ ಅನುಭವಿಗಳು ನಿಯಮಗಳ ಕಡತವನ್ನು ತಿದ್ದಿದೊಡನೆ ಮೊದಲು ಅದರ ಶುದ್ಧಿಯನ್ನು ಪರೀಕ್ಷಿಸಿ, ಅನಂತರವೇ ಸೇವೆಯನ್ನು ಮತ್ತೆ ಆರಂಭಿಸುತ್ತಾರೆ. ಆಗಲೂ ಹಳೆಯ ಸಂಪರ್ಕವನ್ನು ಕಡಿಯದೆ, ಹೊಸದೊಂದರಲ್ಲಿ ಪ್ರವೇಶ ದೊರೆತ ಬಳಿಕವೇ ನಿಶ್ಚಿಂತರಾಗುತ್ತಾರೆ.

ಇಷ್ಟೆಲ್ಲ ಎಚ್ಚರವಿದ್ದರೂ ಕಾವಲುಗಾರನೊಳಗೇ ಶತ್ರು ಸೇರಿಕೊಂಡರೇನು ಗತಿ? 2024ರಲ್ಲಿ ಅಂಥ ಗಂಡಾಂತರವು ಕೂದಲೆಳೆಯ ಅಂತರದಲ್ಲಿ ತಪ್ಪಿತು. ಪೋಸ್ಟ್‌ಗ್ರೆಸ್ ದತ್ತಸಂಚಯದ ಕರ್ತೃಗಳಲ್ಲೊಬ್ಬರಾದ ಆಂಡ್ರೆಸ್ ಫ್ರಾಯಿಂಡ್ ತಮ್ಮದೇ ಪರೀಕ್ಷೆಯೊಂದರಲ್ಲಿ ತೊಡಗಿದ್ದಾಗ, ಎಸ್‌ಎಸ್‌ಎಚ್ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಬೇರೊಬ್ಬರಾಗಿದ್ದರೆ ಅಲಕ್ಷಿಸಿಬಿಡುತ್ತಿದ್ದರೇನೋ. ಅವರು ಜಾಡು ಹಿಡಿದು ಹೋದರು. ‘ಎಕ್ಸ್‌ಝಡ್’ ಎಂಬ ಕಡತ ಸಂಕುಚನದ ಉಪಕರಣದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಹಿಂಬಾಗಿಲೊಂದು ಅಡಗಿತ್ತು! ಕೆಲವು ಲಿನಕ್ಸ್ ವಿತರಣೆಗಳಲ್ಲಿ ಈ ಉಪಕರಣದ ಅಂಶವು ಪರೋಕ್ಷವಾಗಿ ಎಸ್‌ಎಸ್‌ಎಚ್‌ಡಿಯೊಡನೆ ಬೆರೆಯುತ್ತಿತ್ತು. ನಿರ್ದಿಷ್ಟ ರಹಸ್ಯ ಕೀಲಿಯುಳ್ಳವನು ಅದರ ಮೂಲಕ ಯಂತ್ರಕ್ಕೆ ಆಜ್ಞೆ ಕೊಡಬಹುದಾಗಿತ್ತು.

‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಕಾಣಿಸಿಕೊಂಡ ವ್ಯಕ್ತಿಯೊಬ್ಬನು ಎರಡು ವರ್ಷಕ್ಕೂ ಮಿಕ್ಕಿ ವಿನಯದಿಂದ ದುಡಿದು, ಹೊರೆಯಿಂದ ಬಳಲಿದ್ದ ಏಕಾಂಗಿ ಪಾಲಕನ ವಿಶ್ವಾಸವನ್ನು ಗಳಿಸಿ ಈ ಕೃತ್ಯವನ್ನು ನಡೆಸಿದ್ದನು. ಮಾರ್ಚ್ 29ರಂದು ಫ್ರಾಯಿಂಡ್ ಸುದ್ದಿಯನ್ನು ಬಹಿರಂಗಪಡಿಸಿದರು. ಆಗ ವಿಷವು ಬಹುಪಾಲು ಪ್ರಾಯೋಗಿಕ ಆವೃತ್ತಿಗಳಿಗಷ್ಟೇ ತಲಪಿತ್ತು. ಜನಬಳಕೆಯ ಸ್ಥಿರ ಆವೃತ್ತಿಗಳು ಉಳಿದುಕೊಂಡವು.

ಜೋಡಿ ಕೀಲಿಯಾಗಲಿ, ಗೂಢಲಿಪಿಯಾಗಲಿ ಈ ಹಿಂಬಾಗಿಲನ್ನು ತಡೆಯಬಲ್ಲುದಾಗಿರಲಿಲ್ಲ. ತಡೆದದ್ದು ಒಬ್ಬ ಮನುಷ್ಯನ ಸಂಶಯ. ಸೇವೆಯ ದಿನಚರಿಯನ್ನು ತಪ್ಪದೆ ಓದುವುದು, ಯಾರು ಯಾವ ಹೊತ್ತಿಗೆ ಎಲ್ಲಿಂದ ಬಂದರೆಂದು ನೋಡುವುದು, ಭದ್ರತೆಯ ತಿದ್ದುಪಡಿಗಳನ್ನು ವಿಳಂಬವಿಲ್ಲದೆ ಅಳವಡಿಸುವುದು—ಈ ನೀರಸ ಕೆಲಸಕ್ಕೆ ಹೊಗಳಿಕೆಯಿಲ್ಲ, ಬಹುಮಾನವಿಲ್ಲ. ಬೆಳಗಾಗೆದ್ದು ಲೆಕ್ಕದಲ್ಲಿಟ್ಟ ಹಣ ಇದ್ದಲ್ಲೇ ಇರುವುದನ್ನು ಕಾಣುವ ಗೃಹಸ್ಥನಿಗೆ, ರಾತ್ರಿಯೆಲ್ಲ ಎಚ್ಚರವಿದ್ದವರ ಹೆಸರು ತಿಳಿಯುವುದೇ ಇಲ್ಲ.